ಹುಣಸೆಹುಳಿಗೆ ಅಂಜುವ ಕಲ್ಲು, ಅಂಜದ ಕಲ್ಲು

ಶ್ರವಣಬೆಳಗೊಳದಲ್ಲಿ 2018ರ ಫೆಬ್ರುವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಬಾಹುಬಲಿಯ ನೆತ್ತಿಯಿಂದ ಎಳನೀರು ಇಳಿಯಿತು, ಕಬ್ಬಿನ ಹಾಲು ಇಳಿಯಿತು. ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ ಒಂದರ ಹಿಂದೊಂದು ಇಳಿದವು. ಅರೆಗಳಿಗೆ ಹಳದಿ, ಅರೆಗಳಿಗೆ ಕೆಂಪು, ಮತ್ತೆ ಬಿಳುಪು. ನೀರು ಹರಿದು ಎಲ್ಲ ತೊಳೆದುಹೋದ ಮೇಲೆ ಮೂರ್ತಿ ತನ್ನ ಮೊದಲಿನ ಬಣ್ಣದಲ್ಲೇ ನಿಂತಿತ್ತು. ಹತ್ತನೆಯ ಶತಮಾನದಲ್ಲಿ ಬೆಟ್ಟದ ನೆತ್ತಿಯ ಗ್ರಾನೈಟನ್ನೇ ಕಡೆದು ಮಾಡಿದ, 58 ಅಡಿಯ ಆಸುಪಾಸಿನ ಈ ವಿಗ್ರಹ ಇಂಥ ಅಭಿಷೇಕಗಳನ್ನು ಶತಮಾನಗಳಿಂದ ತಾಳಿಕೊಂಡು ಬಂದಿದೆ.

ಅದೇ ಅರಿಶಿನ ಬೆಂಗಳೂರಿನ ಹೊಸ ಫ್ಲಾಟೊಂದರ ಬಿಳಿ ಅಮೃತಶಿಲೆಯ ಅಡುಗೆ ಕಟ್ಟೆಯ ಮೇಲೆ ಚಿಟಿಕೆಯಷ್ಟು ಬಿದ್ದು ರಾತ್ರಿ ಕಳೆದರೆ ಬೆಳಗ್ಗೆ ಹಳದಿ ಗುರುತು ಉಳಿದಿರುತ್ತದೆ. ಹೆಚ್ಚಿದ ನಿಂಬೆಹೋಳನ್ನು ಬೋರಲಾಗಿ ಇಟ್ಟು ಮರೆತರಂತೂ ಮಂಕಾದ ಉಂಗುರವೊಂದು ಮೂಡುತ್ತದೆ. ತೊಳೆದರೆ ಅದು ಹೋಗದು, ಒರಟು ನಾರಿನಿಂದ ಉಜ್ಜಿದರೆ ಇನ್ನಷ್ಟು ಅಗಲವಾಗುತ್ತದೆ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಅಡುಗೆಮನೆ ಇಷ್ಟು ಬೇಗ ಕಳೆಗುಂದಿತಲ್ಲ ಎಂದು ಪೇಚಾಡುವವರನ್ನು ಕಂಡಿದ್ದೇನೆ. ಅವರು ಅಸಡ್ಡೆಯ ಜನರಲ್ಲ, ದಿನಕ್ಕೆ ಎರಡು ಸಲ ಕಟ್ಟೆ ಒರೆಸುವವರೇ. ತಮ್ಮ ಮನೆಗೆ ಬಂದಿರುವುದು ಯಾವ ಜಾತಿಯ ಕಲ್ಲು, ತಮ್ಮ ಅಡುಗೆಯ ಯಾವ ಪದಾರ್ಥ ಅದಕ್ಕೆ ಆಗಿಬರುವುದಿಲ್ಲ ಎಂದು ಮಾರುವಾಗ ಯಾರೂ ಅವರಿಗೆ ಹೇಳಿರಲಿಲ್ಲ. ಕಲ್ಲಿನ ಆರೈಕೆ ಶುರುವಾಗಬೇಕಾದದ್ದು ಆ ತಿಳಿವಳಿಕೆಯಿಂದ. ಸೋಪು, ದ್ರಾವಣ, ಬಟ್ಟೆಗಳೆಲ್ಲ ಆಮೇಲಿನ ಮಾತು.

ಒರಳು ನುಡಿವ ಸಾಕ್ಷಿ

ನಮ್ಮಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಬಹಳ ಹಳೆಯದಲ್ಲ. ಸೌದೆ ಒಲೆಯ ಕಾಲದಲ್ಲಿ ಬಹುಪಾಲು ಕೆಲಸ ನೆಲದ ಮೇಲೆಯೇ ನಡೆಯುತ್ತಿತ್ತು. ಈಳಿಗೆಮಣೆಯಲ್ಲಿ ಹೆಚ್ಚುವುದು, ಒರಳಲ್ಲಿ ರುಬ್ಬುವುದು, ಬೀಸುವುದು ಎಲ್ಲ ಕೂತೇ. ಇಂಡೇನ್ ಅಡುಗೆ ಅನಿಲ ಶುರುವಾದದ್ದು 1965ರಲ್ಲಿ. ಸಿಲಿಂಡರು ಮನೆಮನೆಗೆ ಬಂದಂತೆಲ್ಲ ಒಲೆ ಸೊಂಟದೆತ್ತರಕ್ಕೆ ಏರಿತು, ಅದರ ಅಡಿಗೊಂದು ಚಪ್ಪಡಿ ಬೇಕಾಯಿತು. ದಕ್ಷಿಣದ ಜಿಲ್ಲೆಗಳಲ್ಲಿ ಬಹುತೇಕ ಮನೆಗಳಿಗೆ ಮೊದಲು ಒದಗಿದ್ದು ಆಂಧ್ರದಿಂದ ಬರುವ ಕಡಪ ಕಲ್ಲು. ಕಲಬುರಗಿ ಕಡೆ ಶಹಾಬಾದ್ ಕಲ್ಲು. ಎರಡೂ ಪದರಪದರವಾಗಿ ತಾವೇ ಸೀಳಿಕೊಳ್ಳುವ ಕಲ್ಲುಗಳಾದ್ದರಿಂದ ತೆಳು ಹಲಗೆಗಳು ಸುಲಭವಾಗಿ, ಅಗ್ಗವಾಗಿ ಸಿಗುತ್ತಿದ್ದವು. ಪಾಲಿಶ್ ಮಾಡಿದ ಗ್ರಾನೈಟ್ ಸಾಮಾನ್ಯರ ಕೈಗೆ ಎಟುಕಿದ್ದು ಆಮೇಲೆ.

ಒರಳುಕಲ್ಲಿನ ವಿಚಾರವನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಹಳೆ ಮೈಸೂರು ಸೀಮೆಯ ಒರಳುಗಳು ಹೆಚ್ಚಾಗಿ ಅಲ್ಲಲ್ಲಿನ ಗಟ್ಟಿ ಗ್ರಾನೈಟ್ ಜಾತಿಯ ಕಲ್ಲಿನವು. ತಲೆಮಾರುಗಳ ಕಾಲ ಅವುಗಳಲ್ಲಿ ಹುಣಸೆಹಣ್ಣು, ಉಪ್ಪು, ಮೆಣಸಿನಕಾಯಿ, ಮಾವಿನಕಾಯಿ ರುಬ್ಬಿದ್ದಾರೆ. ಹುಳಿ ಬರಿಸಬೇಕಾದ ಇಡ್ಲಿ ಹಿಟ್ಟು ರುಬ್ಬಿದ್ದಾರೆ. ಒರಳು ನುಣುಪಾಗಿ ಕೆಲಸಕ್ಕೆ ಬಾರದಂತಾದಾಗ ಕಲ್ಲು ಕುಟ್ಟುವವರನ್ನು ಕರೆದು ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ನುಣುಪಾಗಿಸಿದ್ದು ಗುಂಡಿನ ತಿಕ್ಕಾಟ. ಹುಳಿ ಅದಕ್ಕೆ ಏನೂ ಮಾಡಿರಲಿಲ್ಲ. ಒಂದು ಕಲ್ಲಿನ ತಾಳಿಕೆಗೆ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಮಾಡಲಾರದು. ಅದೇ ಹುಣಸೆಹಣ್ಣಿನ ಉಂಡೆಯನ್ನು ಕಡಪ ಕಲ್ಲಿನ ಕಟ್ಟೆಯ ಮೇಲೆ ಇಟ್ಟು, ದೇವರ ತಾಮ್ರದ ಚೆಂಬು, ಹಿತ್ತಾಳೆ ದೀಪ ತಿಕ್ಕಿ, ಹಾಗೇ ಬಿಟ್ಟು ನೋಡಿ. ಚೆಂಬು ಫಳಫಳ ಹೊಳೆಯುತ್ತದೆ, ಕರಿಕಟ್ಟೆಯ ಮೇಲೆ ಬೂದು ಕಲೆ ಶಾಶ್ವತವಾಗಿ ಕೂರುತ್ತದೆ.

ಏಕೆಂದರೆ ಕಡಪ, ಶಹಾಬಾದ್, ರಾಜಸ್ಥಾನದ ಕೋಟಾ ಇವೆಲ್ಲ ಸುಣ್ಣದಕಲ್ಲುಗಳು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿರುವುದೂ ಅಲ್ಲಿನ ಸುಣ್ಣದಕಲ್ಲಿನ ಆಸರೆಯಿಂದಲೇ. ಮಕರಾನದ ಅಮೃತಶಿಲೆಯಾಗಲಿ, ಇಟಲಿಯಿಂದ ಬರುವ ಮಾರ್ಬಲ್ ಆಗಲಿ, ಭೂಮಿಯ ಒಳಗಿನ ಕಾವಿಗೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದ ಸುಣ್ಣದಕಲ್ಲೇ. ಮೂಲದ್ರವ್ಯ ಎಲ್ಲಕ್ಕೂ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ ಇವುಗಳಲ್ಲಿ ಯಾವುದು ತಾಗಿದರೂ ಆ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಮೇಲ್ಮೈ ಕರಗುತ್ತದೆ. ಗ್ರಾನೈಟಿನಲ್ಲಿರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ. ಅಡುಗೆಮನೆಯ ಹುಳಿಗೆ ಅವು ಜಗ್ಗುವುದಿಲ್ಲ. ಗಡಸುತನದಲ್ಲೂ ಅಷ್ಟೇ ಅಂತರ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅಮೃತಶಿಲೆಯ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಅಡುಗೆಮನೆಯ ಚಾಕು ಮೂರಕ್ಕೂ ಆರಕ್ಕೂ ನಡುವೆ, ಐದೂವರೆಯ ಸುತ್ತಮುತ್ತ ನಿಲ್ಲುತ್ತದೆ. ಹಾಗಾಗಿ ಚಾಕು ಅಮೃತಶಿಲೆಯನ್ನು ಗೀರುತ್ತದೆ, ಗ್ರಾನೈಟ್ ಮೇಲೆ ಹೆಚ್ಚಿದರೆ ಚಾಕುವಿನ ಬಾಯೇ ಮೊಂಡಾಗುತ್ತದೆ. ಗ್ರಾನೈಟಿನ ಮೇಲೆ ಸ್ಟೀಲ್ ಪಾತ್ರೆ ಎಳೆದಾಗ ಕಾಣುವ ಬೂದು ಗೆರೆ ಎಷ್ಟೋ ಸಲ ಗೀರಲ್ಲ. ಪಾತ್ರೆಯ ಲೋಹ ಸವೆದು ಕಲ್ಲಿಗೆ ಅಂಟಿದ್ದು, ಉಜ್ಜಿದರೆ ಹೋಗುತ್ತದೆ.

ಕಲೆ ಬೇರೆ, ಹುಳಿ ತಿಂದದ್ದು ಬೇರೆ

ಈ ಎರಡನ್ನೂ ನಾವು ಕಲೆ ಎಂದೇ ಕರೆಯುತ್ತೇವೆ. ಆರೈಕೆಯಲ್ಲಿ ಆಗುವ ಅರ್ಧ ಅನಾಹುತಕ್ಕೆ ಈ ಬೆರಕೆಯೇ ಮೂಲ. ಕಲೆಯೆಂದರೆ ಬಣ್ಣವೋ ಎಣ್ಣೆಯೋ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಕೂತದ್ದು. ಕಲ್ಲು ಅಲ್ಲಿ ಕಪ್ಪಾಗಿಯೋ ಹಳದಿಯಾಗಿಯೋ ಕಾಣುತ್ತದೆ, ಹೊಳಪು ಮಾತ್ರ ಹಾಗೇ ಇರುತ್ತದೆ. ಹುಳಿ ತಿಂದ ಜಾಗದಲ್ಲಿ ಏನೂ ಒಳಗೆ ಇಳಿದಿರುವುದಿಲ್ಲ, ಕಲ್ಲೇ ಹೋಗಿರುತ್ತದೆ. ಬಣ್ಣ ತುಸು ಬಿಳಿಚಿಕೊಂಡು ಹೊಳಪು ಸತ್ತಿರುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಬಗ್ಗಿ ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಮೊದಲನೆಯದಕ್ಕೆ ಬೇಕಾದದ್ದು ಒಳಗಿನದನ್ನು ಹೊರಗೆಳೆಯುವ ಉಪಾಯ. ಎರಡನೆಯದಕ್ಕೆ ಮತ್ತೆ ಪಾಲಿಶ್ ಹಿಡಿಸುವುದೊಂದೇ ದಾರಿ.

ಪಾಲಿಶ್ ಎಂದರೆ ಕಲ್ಲಿನ ಮೇಲೆ ಬಳಿದ ಪದಾರ್ಥ ಎಂದು ಬಹಳ ಜನ ಭಾವಿಸಿದ್ದಾರೆ. ನೆಟ್ಟಗೆ ಮಾಡಿದ ಪಾಲಿಶ್‌ನಲ್ಲಿ ಕಲ್ಲಿನ ಮೇಲೆ ಏನೂ ಇರುವುದಿಲ್ಲ. ಒರಟು ಸಾಣೆಕಲ್ಲಿನಿಂದ ಶುರುಮಾಡಿ, ನುಣುಪಿನಿಂದ ಇನ್ನೂ ನುಣುಪಿಗೆ ಹೋಗುತ್ತಾ, ನೀರು ಹಾಯಿಸುತ್ತಾ, ಕಲ್ಲಿನ ಮೈಯನ್ನೇ ಬೆಳಕು ಚೆದರದಷ್ಟು ಸಮ ಮಾಡುವ ಕೆಲಸ ಅದು. ಹುಳಿ ಬಿದ್ದಾಗ ಹಾಳಾಗುವುದು ಆ ಸಮತಲ. ಬಾಟಲಿಯಲ್ಲಿ ಬರುವ ಯಾವ ದ್ರಾವಣವೂ ಅದನ್ನು ಮರಳಿ ಕೊಡಲಾರದು. ಎಣ್ಣೆ, ಮೇಣ ಸವರಿದರೆ ನಾಲ್ಕು ದಿನ ಹೊಳೆದಂತೆ ಕಂಡು, ಅದರ ಮೇಲೆ ಧೂಳು ಕೂತು, ಮೊದಲಿಗಿಂತ ಅಸಹ್ಯವಾಗುತ್ತದೆ.

ಇಲ್ಲೇ ಸೀಲರ್ ವ್ಯಾಪಾರದ ಬಗ್ಗೆಯೂ ನೇರವಾಗಿ ಹೇಳಬೇಕು. ಸೀಲರ್ ಹೊಡೆಸಿದರೆ ಮಾರ್ಬಲ್‌ಗೆ ಏನೂ ಆಗುವುದಿಲ್ಲ ಎಂಬ ಮಾತು ಅಂಗಡಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಒಳಗೆ ಇಂಗುವ ಬಗೆಯ ಸೀಲರ್ ರಂಧ್ರಗಳ ಗೋಡೆಗೆ ಹಿಡಿದುಕೊಂಡು ನೀರು, ಎಣ್ಣೆ ಬೇಗ ಇಳಿಯದಂತೆ ತಡೆಯುತ್ತದೆ. ಕಲೆಯ ಮಟ್ಟಿಗೆ ಅದು ನಿಜವಾದ ರಕ್ಷಣೆ. ಹುಳಿಗೆ ಮಾತ್ರ ಒಳಗಿಳಿಯುವ ಅಗತ್ಯವೇ ಇಲ್ಲ, ಮೇಲೆ ನಿಂತೇ ತಿನ್ನುತ್ತದೆ. ಅಮೆರಿಕದ ಎಎಸ್‌ಟಿಎಂ ಮಾನದಂಡ ಕಟ್ಟಡಕ್ಕೆ ಬಳಸುವ ಗ್ರಾನೈಟ್ ತನ್ನ ತೂಕದ 0.40 ಶೇಕಡದವರೆಗೆ ನೀರು ಹೀರಬಹುದು ಎನ್ನುತ್ತದೆ. ಅಮೃತಶಿಲೆಗೆ ಅದೇ ಮಿತಿ 0.20. ಅಂದರೆ ಕಡಿಮೆ ಹೀರಬೇಕಾದ ಕಲ್ಲೇ ಅಡುಗೆಮನೆಯಲ್ಲಿ ಹೆಚ್ಚು ನೋಯುತ್ತದೆ. ಅದಕ್ಕೆ ಕಾರಣ ರಂಧ್ರಗಳಲ್ಲ, ಅದರ ರಸಾಯನ. ಇದನ್ನು ಅರಿತವರು ಮಾರ್ಬಲ್ ಕಟ್ಟೆಗೆ ಸೀಲರ್ ಹಾಕಿಸಿಯೂ ನಿಂಬೆ ಹಿಂಡುವಾಗ ಕೆಳಗೊಂದು ತಟ್ಟೆ ಇಟ್ಟುಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ದಿನವೂ ಸಾರು, ಹುಳಿ, ಗೊಜ್ಜು, ಚಿತ್ರಾನ್ನ ಮಾಡುವ ಮನೆಗೆ ಒಲೆಯ ಅಕ್ಕಪಕ್ಕ ಅಮೃತಶಿಲೆ ಬೇಡ. ಮಲೆನಾಡು, ಕರಾವಳಿಯಲ್ಲಿ ಪುನರ್ಪುಳಿ, ಬಿಂಬುಳಿ, ಅಮಟೆಕಾಯಿ ಬಳಸುವ ಮನೆಗಂತೂ ಖಂಡಿತ ಬೇಡ. ಅದರ ಚೆಲುವನ್ನು ದೇವರ ಮನೆಗೆ, ಊಟದ ಕೋಣೆಯ ಗೋಡೆಗೆ ಕೊಡಬಹುದು. ಹಿಟ್ಟು ನಾದಲು, ಚಪಾತಿ ಲಟ್ಟಿಸಲು ಅದರ ತಣ್ಣನೆಯ ನುಣುಪು ಬಹಳ ಹಿತ. ಅಷ್ಟಕ್ಕೊಂದು ಬೇರೆ ಹಲಗೆ ಇಟ್ಟುಕೊಂಡರೆ ಸಾಕು.

ಗ್ರಾನೈಟ್ ಎಂಬ ದೊಡ್ಡ ಕುಟುಂಬ

ಗ್ರಾನೈಟ್ ಹಾಕಿಸಿದ್ದೇನೆ ಎಂದಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಕಲ್ಲಿನ ವ್ಯಾಪಾರದಲ್ಲಿ ಗಟ್ಟಿಯಾಗಿ ಪಾಲಿಶ್ ಹಿಡಿಯುವ ಎಲ್ಲಕ್ಕೂ ಗ್ರಾನೈಟ್ ಎಂದೇ ಹೆಸರು. ಭೂವಿಜ್ಞಾನಿಗಳ ಲೆಕ್ಕ ಬೇರೆ. ಇಳಕಲ್ ಎಂದೊಡನೆ ಸೀರೆ ನೆನಪಾಗುವುದು ಸಹಜ. ಕಲ್ಲು ಬಲ್ಲವರಿಗೆ ಅದೇ ಹೆಸರು ಕೆಂಪು ಗ್ರಾನೈಟಿನ ಗುರುತು. ರಾಮನಗರದ ಬಂಡೆಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಉದ್ದನೆಯ ಶಿಲಾಪಟ್ಟಿಯ ಭಾಗ. ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಿಂದೆ ಕರಗಿದ ಶಿಲೆ ನೆಲದೊಳಗೇ ನಿಧಾನವಾಗಿ ಆರಿ ಹರಳುಗಟ್ಟಿದ ಕಲ್ಲು ಅದು. ಇನ್ನು ಕನಕಪುರ, ಚಾಮರಾಜನಗರ ಕಡೆಯ ಹೆಸರಾಂತ ಕರಿಕಲ್ಲು, ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರಾನೈಟ್, ಶಾಸ್ತ್ರದ ಪ್ರಕಾರ ಗ್ರಾನೈಟೇ ಅಲ್ಲ. ಹಳೆಯ ಶಿಲೆಗಳ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಡಾಲರೈಟ್ ಜಾತಿ. ಕಣಗಳು ಸಣ್ಣವು, ಒತ್ತಾಗಿ ಹೆಣೆದುಕೊಂಡವು. ನೀರು ಅದರೊಳಗೆ ಇಳಿಯುವುದೇ ಕಷ್ಟ.

ವಾಷಿಂಗ್ಟನ್ ನಗರದಲ್ಲಿ 1982ರಲ್ಲಿ ನಿಂತ ವಿಯೆಟ್ನಾಂ ಯೋಧರ ಸ್ಮಾರಕದ ಕಪ್ಪು ಗೋಡೆಗೆ ಹೋದ ಕಲ್ಲು ಬೆಂಗಳೂರು ಸೀಮೆಯ ಗಣಿಗಳದ್ದು. ವಿನ್ಯಾಸ ಮಾಡಿದ ಮಾಯಾ ಲಿನ್ ಅವರಿಗೆ, ಮಡಿದ 58,000ಕ್ಕೂ ಹೆಚ್ಚು ಜನರ ಹೆಸರುಗಳ ನಡುವೆ ನೋಡುವವರ ಮುಖವೂ ಕಾಣುವಂಥ ಕಲ್ಲು ಬೇಕಾಗಿತ್ತು. ಬಿಸಿಲು, ಹಿಮ, ಮಳೆಯಲ್ಲಿ ನಿಂತಿರುವ ಆ ಗೋಡೆಯನ್ನು ಸಂದರ್ಶಕರು ಕೈಯಿಂದ ಸವರುತ್ತಾರೆ, ಹೆಸರುಗಳ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ನಮ್ಮ ನೆಲದ ಕರಿಕಲ್ಲಿನ ಯೋಗ್ಯತೆಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ತೋಚದು.

ನೀರೇ ಸುಲಭವಾಗಿ ಇಳಿಯದ ಒಳ್ಳೆಯ ಕರಿಕಲ್ಲಿಗೆ ಸೀಲರ್ ಹೊಡೆಸುವುದು ಹಣ ದಂಡ. ಒಳಗೆ ಹೋಗಲು ಜಾಗವಿಲ್ಲದ ದ್ರಾವಣ ಮೇಲೆಯೇ ಒಣಗಿ ಮಬ್ಬು ಪೊರೆಯಾಗಿ ನಿಲ್ಲುತ್ತದೆ. ಸೀಲರ್ ಬೇಕಾಗುವುದು ತಿಳಿ ಬೂದು, ಕೆನೆ, ಬಿಳಿ ಬಣ್ಣದ ದೊಡ್ಡ ಹರಳಿನ ಗ್ರಾನೈಟುಗಳಿಗೆ. ಬೇಕೋ ಬೇಡವೋ ಎಂದು ತಿಳಿಯಲು ಒಂದು ಚಮಚ ನೀರು ಸಾಕು. ಕಟ್ಟೆಯ ಮೇಲೆ ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ. ಆ ಜಾಗ ಗಾಢವಾಗಿದ್ದರೆ ಕಲ್ಲು ನೀರು ಕುಡಿದಿದೆ, ಸೀಲರ್ ಬೇಕು. ಹಾಗೇ ಇದ್ದರೆ ಬೇಡ. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಕೊಂಡರೆ ಕ್ಯಾಲೆಂಡರ್ ನೋಡಿ ಸೀಲರ್ ಹಾಕಿಸುವ ಪ್ರಮೇಯವೇ ಬರುವುದಿಲ್ಲ. ಹಾಕುವಾಗ ಕಲ್ಲು ಪೂರ್ತಿ ಒಣಗಿರಬೇಕು, ಒಂದು ದಿನ ಬಳಸದೆ ಬಿಟ್ಟರೆ ಒಳ್ಳೆಯದು. ಸವರಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಮಿಕ್ಕದ್ದನ್ನು ಒಣಗುವ ಮೊದಲೇ ಒಣಬಟ್ಟೆಯಿಂದ ತೆಗೆದುಬಿಡಬೇಕು. ಇಷ್ಟಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ.

ಕರಿಕಲ್ಲಿಗೆ ಬೇಡಿಕೆ ಇರುವುದರಿಂದ ಮೋಸವೂ ಇದೆ. ಬೂದುಬಣ್ಣದ ಅಗ್ಗದ ಕಲ್ಲಿಗೆ ಕಪ್ಪು ಬಣ್ಣ ಹಿಡಿಸಿ, ಎಣ್ಣೆಯೋ ಮೇಣವೋ ಸವರಿ ಮಾರುವವರಿದ್ದಾರೆ. ಅಂಥ ಕಲ್ಲಿನ ಮೇಲೆ ನಿಂಬೆರಸ, ಸೋಪು ಬಿದ್ದಂತೆಲ್ಲ ಬಣ್ಣ ಇಳಿದು ತೇಪೆ ತೇಪೆಯಾಗುತ್ತದೆ. ಮನೆಯವರು ತಮ್ಮ ಆರೈಕೆಯಲ್ಲೇ ದೋಷ ಹುಡುಕುತ್ತಾರೆ. ಪತ್ತೆ ಹಚ್ಚುವ ದಾರಿ ಸುಲಭ. ಉಗುರಿನ ಬಣ್ಣ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಕಲ್ಲನ್ನು ಒತ್ತಿ ಉಜ್ಜಬೇಕು. ಬಟ್ಟೆ ಕಪ್ಪಾದರೆ ಆ ಕಲ್ಲು ಬೇಡ. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಸಾಲುಸಾಲಾಗಿ ಗ್ರಾನೈಟ್ ಕಾರ್ಖಾನೆಗಳಿವೆ. ಅಲ್ಲಿಗಾಗಲಿ, ನಿಮ್ಮೂರಿನ ಅಂಗಡಿಗಾಗಲಿ ಹೋದಾಗ ಇಷ್ಟವಾದ ಹಲಗೆಯದೇ ಒಂದು ತುಂಡು ಕೇಳಿ ತನ್ನಿ. ಕತ್ತರಿಸಿ ಉಳಿದ ಚೂರುಗಳು ಅಲ್ಲಿ ರಾಶಿ ಬಿದ್ದಿರುತ್ತವೆ, ಯಾರೂ ಇಲ್ಲ ಎನ್ನುವುದಿಲ್ಲ. ಮನೆಯಲ್ಲಿ ಆ ತುಂಡಿನ ಒಂದು ಮೂಲೆಗೆ ಹುಣಸೆರಸ, ಇನ್ನೊಂದಕ್ಕೆ ಅರಿಶಿನ ಕಲಸಿದ ಎಣ್ಣೆ, ಮತ್ತೊಂದಕ್ಕೆ ಫಿಲ್ಟರ್ ಕಾಫಿಯ ಡಿಕಾಕ್ಷನ್ ಹಾಕಿ ಒಂದು ರಾತ್ರಿ ಬಿಡಿ. ಮಾರುವವರ ಹತ್ತು ಮಾತಿಗಿಂತ ಆ ಚೂರು ಹೆಚ್ಚು ಹೇಳುತ್ತದೆ.

ಅರಿಶಿನ, ಎಣ್ಣೆ, ಬೋರ್‌ವೆಲ್ ನೀರು

ಗೃಹಪ್ರವೇಶದ ದಿನ ಹೊಸ ಕಟ್ಟೆಯ ಮೇಲೆ ಮೊದಲು ಬೀಳುವುದು ಉಕ್ಕಿದ ಹಾಲು. ಅದು ಅಪಾಯವಲ್ಲ, ಹುಳಿಯುವ ಮೊದಲು ಒರೆಸಿದರಾಯಿತು. ಅಪಾಯ ಪೂಜೆಯ ಅರಿಶಿನ ಕುಂಕುಮದ್ದು. ಈಗಿನ ಕುಂಕುಮದಲ್ಲಿ ಹೆಚ್ಚಿನದು ಕೃತಕ ಬಣ್ಣ. ಒದ್ದೆ ಬೆರಳಿನಿಂದ ತಿಳಿಬಣ್ಣದ ಕಲ್ಲಿಗೆ ಇಟ್ಟ ಬೊಟ್ಟು ವರ್ಷಗಟ್ಟಲೆ ಉಳಿಯಬಲ್ಲದು. ವೀಳ್ಯದೆಲೆ ಇಟ್ಟು ಅದರ ಮೇಲೆ ಇಟ್ಟರೆ ಶಾಸ್ತ್ರಕ್ಕೂ ಕುಂದಿಲ್ಲ, ಕಲ್ಲಿಗೂ ಕೇಡಿಲ್ಲ.

ಅರಿಶಿನದ ಕಲೆಗೆ ಹೆದರಿ ಸೋಪು ತಿಕ್ಕಿದಾಗ ಅದು ಕೆಂಪಗಾಗುವುದನ್ನು ನೋಡಿ ಇನ್ನೂ ಗಾಬರಿಯಾಗುವವರಿದ್ದಾರೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾಗುವ ಕ್ರಿಯೆಯೇ ಇದು. ಕ್ಷಾರ ತಾಗಿದರೆ ಅರಿಶಿನದ ಕರ್ಕ್ಯುಮಿನ್ ಕೆಂಪು ತಿರುಗುತ್ತದೆ, ನೀರಿನಿಂದ ಚೆನ್ನಾಗಿ ತೊಳೆದರೆ ಮತ್ತೆ ಹಳದಿ. ಆ ಹಳದಿಗೂ ಬಿಸಿಲು ಒಳ್ಳೆಯ ಮದ್ದು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಕಡೆ ಕೆಲವು ದಿನ ತಾಳ್ಮೆಯಿಂದ ಬಿಟ್ಟರೆ ತಾನಾಗಿ ತೆಳುವಾಗುತ್ತದೆ.

ಬಿಸಿಲು ತಾಗದ ಜಾಗದ ಕಲೆಗೆ ಲೇಪ ಹಾಕುವ ಪದ್ಧತಿಯಿದೆ. ಅಡುಗೆ ಸೋಡಾವನ್ನು ದ್ರವದಲ್ಲಿ ಕಲಸಿ ದೋಸೆಹಿಟ್ಟಿಗಿಂತ ಗಟ್ಟಿ ಮಾಡಿಕೊಳ್ಳಬೇಕು. ಎಣ್ಣೆ ಕಲೆಗೆ ದ್ರವ ಬರೀ ನೀರು. ಅರಿಶಿನ, ಕಾಫಿ, ಹಣ್ಣಿನ ಕಲೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್. ಇದು ಬಣ್ಣ ತೆಗೆಯುವ ಪದಾರ್ಥವಾದ್ದರಿಂದ ತಿಳಿಬಣ್ಣದ ಕಲ್ಲಿಗೆ ಮಾತ್ರ, ಅದೂ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಕಲೆಯ ಮೇಲೆ ಅರ್ಧ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಆಮೇಲೆ ಹಾಳೆ ತೆಗೆದು ಲೇಪ ಪೂರ್ತಿ ಒಣಗಲು ಬಿಡಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ, ಹಸಿ ಇರುವಾಗಲೇ ಕೆರೆದುಬಿಡುತ್ತಾರೆ. ಒಣಗುವಾಗಲೇ ಲೇಪ ಕಲ್ಲಿನೊಳಗಿನ ಎಣ್ಣೆಯನ್ನೋ ಬಣ್ಣವನ್ನೋ ತನ್ನೊಳಕ್ಕೆ ಎಳೆದುಕೊಳ್ಳುವುದು. ವರ್ಷಗಳ ಒಗ್ಗರಣೆ ಸಿಡಿತ ಕುಡಿದ ಕಲ್ಲಾದರೆ ಎರಡು ಮೂರು ಸಲ ಮಾಡಬೇಕಾದೀತು.

ಕಬ್ಬಿಣದ ಕಾವಲಿಯನ್ನು ಒದ್ದೆಯಾಗಿ ಇಟ್ಟಲ್ಲಿ ಮೂಡುವ ತುಕ್ಕಿನ ಕಲೆ ಮಾತ್ರ ಮನೆಮದ್ದಿಗೆ ಬಗ್ಗುವುದಿಲ್ಲ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಗ್ರಾನೈಟನ್ನೂ ಕರಗಿಸುತ್ತದೆ, ಚರ್ಮಕ್ಕೆ ತಾಗಿದರೆ ಜೀವಕ್ಕೇ ಅಪಾಯ. ಅಂಥದ್ದನ್ನು ಮನೆಯೊಳಗೆ ಸೇರಿಸಲೇಬಾರದು.

ಬೋರ್‌ವೆಲ್ ನೀರಿನ ಊರುಗಳಲ್ಲಿ ನಲ್ಲಿಯ ಬುಡದಲ್ಲಿ, ಸಿಂಕಿನ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಕರಿಕಲ್ಲಿನ ಮೇಲೆ ಅದು ಎದ್ದು ಕಾಣುವುದರಿಂದ ತೆಗೆಯುವ ಆತುರವೂ ಹೆಚ್ಚು. ವಿನೆಗರ್, ನಿಂಬೆ, ಅಡುಗೆ ಸೋಡಾ ಬೆರೆಸಿದ ನೈಸರ್ಗಿಕ ಉಪಾಯಗಳನ್ನು ಫೋನಿನ ವಿಡಿಯೋಗಳು ತೋರಿಸುತ್ತಲೇ ಇರುತ್ತವೆ. ಆ ಬಿಳಿ ಪದರವೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯೂ ಕಡಪವೂ ಅದೇ ಎಂಬುದನ್ನು ಆ ವಿಡಿಯೋಗಳು ಹೇಳುವುದಿಲ್ಲ. ಪದರವನ್ನು ಕರಗಿಸುವ ದ್ರಾವಣ ಕಲ್ಲನ್ನೂ ಕರಗಿಸದೆ ಬಿಡದು. ಗ್ರಾನೈಟ್ ಮೇಲಾದರೆ ಹೊಸ ಬ್ಲೇಡನ್ನು ಒದ್ದೆ ಕಲ್ಲಿಗೆ ಬಹುತೇಕ ಮಲಗಿಸಿ ಹಿಡಿದು ಮೆಲ್ಲನೆ ಹೆರೆಯಬಹುದು. ಮಾರ್ಬಲ್ ಮೇಲೆ ಬ್ಲೇಡೂ ಬೇಡ. ಪದರ ಕಟ್ಟದಂತೆ ನೋಡಿಕೊಳ್ಳುವುದೇ ಅಲ್ಲಿ ಉಳಿದ ದಾರಿ. ರಾತ್ರಿ ಪಾತ್ರೆ ಮುಗಿದ ಮೇಲೆ ಸಿಂಕಿನ ಸುತ್ತ ಒಣಬಟ್ಟೆ ಆಡಿಸಿದರೆ ಕಟ್ಟಲು ನೀರೇ ಇರುವುದಿಲ್ಲ.

ದಿನದ ಆರೈಕೆ ಇಷ್ಟೇ. ಪಾತ್ರೆ ತೊಳೆಯುವ ಸೌಮ್ಯ ದ್ರವದ ಎರಡು ಹನಿ ನೀರಿನಲ್ಲಿ ಬೆರೆಸಿ ಒರೆಸುವುದು, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸುವುದು, ಒಣಗಿಸುವುದು. ಎರಡನೆಯ ಹೆಜ್ಜೆ ಬಿಟ್ಟರೆ ಗಡಸು ನೀರಿನಲ್ಲಿ ಸೋಪಿನ ಪೊರೆ ಕಟ್ಟಿ ಕಟ್ಟೆ ಮಂಕಾಗುತ್ತದೆ. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ಸಿಂಕಿನೊಳಗೇ ಇರಲಿ.

ಕಾವು ಮತ್ತು ಭಾರದ ವಿಷಯದಲ್ಲಿ ಒಂದು ಎಚ್ಚರಿಕೆ. ಒಲೆಯಿಂದ ಇಳಿಸಿದ ಕುಕ್ಕರನ್ನು ಗ್ರಾನೈಟ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೂ ಒಂದೇ ಜಾಗ ಕಾದು ಸುತ್ತ ತಣ್ಣಗಿದ್ದಾಗ ಕಲ್ಲಿನೊಳಗೆ ಎಳೆತ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಬಿರುಕು ಮುಚ್ಚಲು ರಾಳ ಕುಡಿಸಿದ ಹಲಗೆಯಾಗಿದ್ದರೆ ರಾಳ ಹಳದಿ ತಿರುಗಬಹುದು. ಹಲಗೆ ದುರ್ಬಲವಾಗಿರುವುದು ಸಿಂಕಿಗೂ ಒಲೆಗೂ ಕೊರೆದ ತೆರಪಿನ ಹಿಂದೆ ಮುಂದೆ ಉಳಿಯುವ ಕಿರುಪಟ್ಟಿಗಳಲ್ಲಿ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಕಟ್ಟೆ ಹತ್ತುವವರು ಕಾಲಿಡುವುದೂ ಸಾಮಾನ್ಯವಾಗಿ ಅಲ್ಲೇ. ಏಣಿ ತಂದುಕೊಳ್ಳುವುದು ಲೇಸು.

ಆಸಿಡ್ ಬಾಟಲಿ

ಕಟ್ಟೆಗೆ ಆಗುವ ಅತಿ ದೊಡ್ಡ ಹಾನಿ ಅಡುಗೆಯಿಂದ ಆಗುವುದಲ್ಲ. ಮನೆ ಮುಗಿಯುವ ಹೊತ್ತಿಗೆ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಾಗ, ಸಿಮೆಂಟಿನ ಕೊಳೆ ತೆಗೆಯಲು ಆಸಿಡ್ ವಾಶ್ ಮಾಡಿಸುತ್ತಾರೆ. ಬಳಸುವುದು ಹೈಡ್ರೋಕ್ಲೋರಿಕ್ ಆಮ್ಲ. ಸಿರಾಮಿಕ್ ಟೈಲ್ಸ್‌ಗೆ ಹಾಕಿದ್ದನ್ನೇ ಮಾರ್ಬಲ್ ಕಟ್ಟೆಗೂ, ಕಡಪ ಕಪಾಟಿಗೂ ಸುರಿದರೆ ಬುರುಬುರು ನೊರೆ ಏಳುತ್ತದೆ. ಕೊಳೆ ಬಿಡುತ್ತಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಆ ನೊರೆ ಕಲ್ಲು ಕರಗುವುದರ ಗುರುತು. ಪಾಲಿಶ್ ಮಾಡಲು ಬರುವ ಅನುಭವಿ ಮೇಸ್ತ್ರಿಗಳು ಮಂಕಾದ ಕಲ್ಲು ಮುಟ್ಟಿ ನೋಡಿ ಮೊದಲು ಕೇಳುವ ಪ್ರಶ್ನೆ, “ಆಸಿಡ್ ಹಾಕ್ಸಿದ್ರಾಮ್ಮಾ?” ಎಂದೇ.

ಆಮೇಲೂ ಆ ಬಾಟಲಿ ಸಿಂಕಿನ ಕೆಳಗೆ ಉಳಿದುಕೊಳ್ಳುತ್ತದೆ. ಕಲ್ಲಿಗಿಂತ ನನಗೆ ಹೆಚ್ಚು ನೋವು ತರುವುದು ಅದನ್ನು ಬಳಸುವ ಕೈಗಳು. ಮನೆಗೆಲಸಕ್ಕೆ ಬರುವ ಹೆಂಗಸರು ಕೈಗವಸಿಲ್ಲದೆ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಉಜ್ಜುತ್ತಾರೆ. ಜೊತೆಗೆ ಬ್ಲೀಚಿಂಗ್ ಪುಡಿಯನ್ನೂ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಉಸಿರಾಟದ ನಾಳವನ್ನೇ ಸುಡುವ ಅನಿಲ ಅದು. ಕಟ್ಟೆ ಗ್ರಾನೈಟೇ ಇರಲಿ, ಆಸಿಡ್ ಬಾಟಲಿ ಅಡುಗೆಮನೆಯಲ್ಲಿ ಇರಬಾರದು.

ಮಂಕಾದ ಕಲ್ಲನ್ನು ಮತ್ತೆ ಪಾಲಿಶ್ ಮಾಡಿಸಬಹುದು. ಅಮೃತಶಿಲೆ ಮೆದುವಾದ್ದರಿಂದ ಬೇಗ ಹೊಳಪು ಹಿಡಿಯುತ್ತದೆ, ಗ್ರಾನೈಟಿಗೆ ಹೆಚ್ಚು ದುಡಿಮೆ. ಯಾವುದೇ ಆದರೂ ಮೇಸ್ತ್ರಿಗೆ ನೀರು ಹಾಯಿಸಿಕೊಂಡೇ ಉಜ್ಜಲು ಹೇಳಬೇಕು. ಗ್ರಾನೈಟನ್ನು ಒಣಗಿದ್ದಾಗ ಉಜ್ಜಿದರೆ, ಕತ್ತರಿಸಿದರೆ ಕ್ವಾರ್ಟ್ಜ್‌ನ ಸೂಕ್ಷ್ಮ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಆ ಕಾಯಿಲೆಗೆ ಮದ್ದಿಲ್ಲ. ಆರೈಕೆ ಬೇಡದ ಕಟ್ಟೆ ಎಂದು ಈಗ ಜನ ಮುಗಿಬಿದ್ದು ಕೊಳ್ಳುತ್ತಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವುಗಳಲ್ಲಿ ಎಷ್ಟೋ ಹಲಗೆಗಳ ತೂಕದ ನೂರಕ್ಕೆ ತೊಂಬತ್ತರ ಆಸುಪಾಸು ಪುಡಿಮಾಡಿದ ಕ್ವಾರ್ಟ್ಜ್, ಉಳಿದದ್ದು ರಾಳ. ಕತ್ತರಿಸುವ ಕಾರ್ಮಿಕರು ಚಿಕ್ಕ ವಯಸ್ಸಿಗೇ ಕಾಯಿಲೆ ಬೀಳುವುದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಹಲಗೆಗಳನ್ನು ನಿಷೇಧಿಸಿತು. ಬಳಸುವವರಿಗೂ ಈ ಹಲಗೆ ಮಾರುವವರು ಹೇಳುವಷ್ಟು ನಿಶ್ಚಿಂತೆಯದಲ್ಲ. ರಾಳ ಕಾವಿಗೆ ತಾಳದು, ಕಾದ ಬಾಣಲೆ ಇಟ್ಟರೆ ಮಾಸದ ಗುರುತು ಉಳಿಯುತ್ತದೆ.

ಹಾಗಾಗಿ ಪಾಲಿಶ್‌ಗೆ ಕರೆಸುವಾಗ ಕೂಲಿ ಮಾತಾಡುವಾಗಲೇ ನೀರಿನ ಯಂತ್ರದ ವಿಷಯವನ್ನೂ ಮಾತಾಡಿ. ರಾಡಿ ಆಗುತ್ತದೆ, ಹೊತ್ತು ಹಿಡಿಯುತ್ತದೆ, ಒಂದಿಷ್ಟು ಹೆಚ್ಚು ಹಣವೂ ಕೇಳುತ್ತಾರೆ, ಕೊಡಿ. ಸ್ವಿಚ್‌ಬೋರ್ಡಿಗೆ ಪ್ಲಾಸ್ಟಿಕ್ ಹೊದೆಸಿ, ಕಪಾಟು ಖಾಲಿ ಮಾಡಿ, ಕಿಟಕಿಗಳನ್ನೆಲ್ಲ ತೆರೆದಿಡಿ. ಕೆಲಸ ಮಾಡುವವರ ಮುಖಕ್ಕೆ ಕಟ್ಟಿದ್ದು ಬರೀ ಕರವಸ್ತ್ರವಾಗಿದ್ದರೆ ಸೂಕ್ಷ್ಮ ಧೂಳು ತಡೆಯುವ ಎನ್-95 ಮಾಸ್ಕನ್ನು ನೀವೇ ತಂದುಕೊಡಿ.